ಮೇಲ್ಕೇರಿಯ ಮಂಗಳವಾರ

ಗ್ಯಾಸ್ ಗಾಡಿಯ ಹಾಡು ಕಿಟಕಿಯ ಕೆಳಗೇ ಬಂದು ನಿಂತಿದೆ, ಅವೇ ನಾಲ್ಕು ಸ್ವರ, ಮತ್ತೆ ಮತ್ತೆ, ಮುಂದಕ್ಕೆ ಹೋಗಬಾರದೇ ಮಾರಾಯ, ಯಾರಿಗೆ ಬೇಕು ಈಗ ಸಿಲಿಂಡರು — ಇಲ್ಲ, ಹೋಗಬೇಡ, ಅಲ್ಲೇ ಇರು, ಆ ಸದ್ದು ಇರುವ ತನಕ ವಿಚಾರಣಾ ಸಮಿತಿಯ ಅಧ್ಯಕ್ಷರು ಮಾತು ಮುಂದುವರಿಸುವುದಿಲ್ಲ, ಪೆನ್ನು ಕೆಳಗಿಟ್ಟು ಕಾಯುತ್ತಾರೆ, ಅಷ್ಟು ಹೊತ್ತು ನನ್ನ ಸರದಿ ಹಿಂದಕ್ಕೆ ಹೋಗುತ್ತದೆ. ಹನ್ನೊಂದು ಗಂಟೆ ಆರು ನಿಮಿಷ. ಫೋನು ತೊಡೆಯ ಮೇಲೆ, ಕೋಟಿನ ಅಂಚಿನ ಕೆಳಗೆ, ನಡುಗಿದರೆ ನನಗೊಬ್ಬಳಿಗೇ ಗೊತ್ತಾಗುವ ಹಾಗೆ. ಕೋಣೆಯಲ್ಲಿ ಸೀಮೆಎಣ್ಣೆ ಒಲೆಯ ವಾಸನೆ, ಫೆಬ್ರವರಿ ಮುಗಿಯುತ್ತ ಬಂದರೂ ನಮ್ಮೂರು ದೇರ್ ಸುಮ್ಮಾಕಿನ ಕಲ್ಲುಗೋಡೆಗಳಿಗೆ ಅದು ತಿಳಿದಿಲ್ಲ, ಎಲ್ಲರೂ ಒಲೆಯ ಕಡೆಗೆ ಕುರ್ಚಿ ಎಳೆದುಕೊಂಡಿದ್ದಾರೆ, ನನ್ನ ಬೆನ್ನು ಮಾತ್ರ ಬೆವರಿ ಅಂಗಿಗೆ ಅಂಟಿದೆ. ಎದುರಿಗೆ ನಮ್ಮ ನೀರಿನ ಕಚೇರಿಯ ನಿರ್ದೇಶಕ ಮುನೀಫ್, ಕಾಲಿನ ಮೇಲೆ ಕಾಲು, ಸೇಜ್ ಸೊಪ್ಪಿನ ಚಹಾ ಊದಿ ಊದಿ ಕುಡಿಯುತ್ತಿದ್ದಾರೆ, ನೆಮ್ಮದಿಯಾಗಿದ್ದಾರೆ, ನಾನು ಅವರು ಹೇಳಿದ್ದನ್ನು ಮಾಡಿದ್ದೇನೆ ಎಂದು ನಂಬಿದ್ದಾರೆ. ಮಾಡಿಲ್ಲ. ಅಯ್ಯೋ, ಮಾಡಿಲ್ಲ. ಗೋಡೆಯ ಬದಿಗೆ ಹಾಕಿದ ಒಂಟಿ ಕುರ್ಚಿಯಲ್ಲಿ ಅಬು ನಾಯೆಲ್, ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿನ ನೀರುಗಂಟಿ, ಇವತ್ತು ಆರೋಪಿ. ಬೂದು ಕೋಟಿಗೆ ಇಸ್ತ್ರಿ ಹಾಕಿಸಿದ್ದಾರೆ, ಕೆಂಪು ಚೌಕಳಿಯ ರುಮಾಲು ಒಗೆದು ಗರಿಗರಿಯಾಗಿದೆ, ಒಳಗೆ ಬರುವಾಗ ನನ್ನನ್ನು ನೋಡಿ ಕೈಯನ್ನು ಎದೆಗೆ ಮುಟ್ಟಿಸಿ ಮಗಳೇ ಚೆನ್ನಾಗಿದ್ದೀಯಾ ಎಂದರು, ತಾಯಿಯ ಮಂಡಿನೋವು ಹೇಗಿದೆ ಎಂದರು, ನಾನು ಅಲ್ಲಾಹನ ದಯೆ ಎಂದೆ, ಅವರ ಮೂಗಿನ ಕಡೆ ನೋಡುತ್ತ, ಕಣ್ಣಿನ ಕಡೆ ಅಲ್ಲ. ಮೇಜಿನ ಮೇಲೆ ಅವರ ಕೀಲಿ, ವಾಲ್ವ್ ತಿರುಗಿಸುವ ಕಬ್ಬಿಣದ ಉದ್ದನೆಯ ಕೀಲಿ, ಕಳೆದ ಗುರುವಾರ ಅವರಿಂದ ಕಿತ್ತುಕೊಂಡದ್ದು, ಅದಕ್ಕೊಂದು ಚೀಟಿ ಕಟ್ಟಿದ್ದಾರೆ, ಚೀಟಿಯ ಮೇಲೆ ಸಂಖ್ಯೆ. ಅದರ ಪಕ್ಕದಲ್ಲಿ ನನ್ನ ಕಾಗದ.

ನನ್ನ ಕಾಗದದಲ್ಲಿ ಮೂರು ಸಾಲು. ಮೇಲ್ಕೇರಿಯ ವಾಲ್ವ್ ನಡೆಸುವ ಪ್ರೋಗ್ರಾಮನ್ನು ಜನವರಿ ಮೂವತ್ತೊಂದರಂದು ಸರಿಪಡಿಸಲಾಗಿದೆ, ಅನಂತರ ಅದರಲ್ಲಿ ದೋಷವಿಲ್ಲ, ವಾಲ್ವ್ ಮುಚ್ಚುತ್ತಿದ್ದರೆ ಅದು ಕೈಯಿಂದಲೇ ಆಗಿರಬೇಕು — ಇಂಜಿನಿಯರ್ ರುದೈನಾ, ಸಹಿ, ಮೊಹರು. ಆಗಿರಬೇಕು ಎಂದು ಬರೆದವಳು ನಾನೇ, ಯಾರೂ ಕೈ ಹಿಡಿದು ಬರೆಸಲಿಲ್ಲ, ಬರೆಯುವಾಗ ಒಂದು ಥರ ಹೆಮ್ಮೆಯೂ ಇತ್ತು, ಹೆಂಗಸಿನ ಕೈಗೆ ಪಂಪ್‌ಹೌಸ್ ಕೊಟ್ಟರೆ ಊರು ಒಣಗುತ್ತದೆ ಅಂದವರಿಗೆ ಉತ್ತರ ಕೊಟ್ಟ ಹಾಗೆ. ಆದದ್ದು ಇಷ್ಟು, ಮೊದಲಿನಿಂದ ನೆನಪು ಮಾಡಿಕೋ, ಕೇಳಿದರೆ ತಡವರಿಸಬಾರದು — ಮೇಲ್ಕೇರಿಗೆ ನೀರು ವಾರಕ್ಕೊಂದು ದಿನ, ಮಂಗಳವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ, ಅಷ್ಟರಲ್ಲಿ ತೊಟ್ಟಿ ತುಂಬಿಕೊಂಡರೆ ಉಂಟು, ಇಲ್ಲವಾದರೆ ಮುಂದಿನ ಮಂಗಳವಾರ. ಜನವರಿಯಲ್ಲಿ ಅಲ್ಲಿನ ಬಾಲಕಿಯರ ಶಾಲೆಗೆ ಹೊಸ ಪಂಪು ಬಂತು, ಬಿಡುವು ಮುಗಿದ ಮೇಲೆ ಆಯಾ ಅದರ ಸ್ವಿಚ್ಚು ಹಾಕುತ್ತಾಳೆ, ಕೊಳವೆಯಲ್ಲಿ ಒತ್ತಡ ಒಂದು ಕ್ಷಣ ಕುಸಿಯುತ್ತದೆ, ನಮ್ಮ ಪ್ರೋಗ್ರಾಮು ಎಲ್ಲೋ ಪೈಪು ಒಡೆಯಿತು ಎಂದುಕೊಂಡು ವಾಲ್ವನ್ನು ಮುಚ್ಚಿಬಿಡುತ್ತದೆ, ಮುಚ್ಚಿತು ಎಂದಷ್ಟೇ ಬರೆದಿಡುತ್ತದೆ, ಯಾಕೆ, ಯಾರು ಎಂದಲ್ಲ. ಅದನ್ನು ಕಂಡುಹಿಡಿದವಳೂ ನಾನೇ, ಹತ್ತು ನಿಮಿಷ ಒತ್ತಡ ಕಡಿಮೆ ಇದ್ದರೆ ಮಾತ್ರ ಮುಚ್ಚು ಎಂದು ತಿದ್ದಿದವಳೂ ನಾನೇ. ಹೊಸ ಫೈಲನ್ನು ಹಳೆಯದರ ಮೇಲೆ ನಕಲು ಮಾಡಲು ಹೋದೆ, ಯಂತ್ರ ಒಪ್ಪಲಿಲ್ಲ, ಈ ಪ್ರೋಗ್ರಾಮು ಓಡುತ್ತಿದೆ ಎಂದಿತು, ಒಂದೇ ಸಾಲಿನಲ್ಲಿ, ಎಚ್ಚರಿಸಿತ್ತು, ಎಚ್ಚರಿಸಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಮೊದಲು ನಾನಿದ್ದ ಔಷಧಿ ಕಂಪನಿಯಲ್ಲಿ ವಿಂಡೋಸ್, ಅದು ಹಟಮಾರಿ, ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ಅಳಿಸಲೂ ಬಿಡದು, ಮೇಲೆ ಬರೆಯಲೂ ಬಿಡದು, ಮೊದಲು ನಿಲ್ಲಿಸು ಆಮೇಲೆ ಮಾತಾಡು ಅನ್ನುತ್ತದೆ, ಎಷ್ಟು ಬೈದುಕೊಂಡಿದ್ದೆ ಆಗ. ಇಲ್ಲಿ ಲಿನಕ್ಸ್, ಇದಕ್ಕೆ ಫೈಲಿನ ಹೆಸರು ಬೇರೆ, ಫೈಲು ಬೇರೆ. ಹೊಸದನ್ನು ಪಕ್ಕದಲ್ಲಿ ತಂದಿಟ್ಟು ಹಳೆಯದರ ಹೆಸರನ್ನು ಅದಕ್ಕೆ ಕೊಟ್ಟರೆ ತಕರಾರಿಲ್ಲ, ಹಳೆಯದು ಹೆಸರಿಲ್ಲದೆ ಡಿಸ್ಕಿನಲ್ಲೇ ಉಳಿಯುತ್ತದೆ, ಅದನ್ನು ಓಡಿಸುತ್ತಿರುವ ಪ್ರೋಗ್ರಾಮು ನಿಲ್ಲುವ ತನಕ, ಹುಡುಕಿದರೆ ಎಲ್ಲೂ ಕಾಣದೆ. ಹಾಗೇ ಮಾಡಿದೆ. ನಿಲ್ಲಿಸಲಿಲ್ಲ, ಯಾಕೆಂದರೆ ನಿಲ್ಲಿಸಿದರೆ ಊರಿನ ವಾಲ್ವುಗಳೆಲ್ಲ ಮುಚ್ಚಿಕೊಳ್ಳುತ್ತವೆ, ಮತ್ತೆ ಒತ್ತಡ ಏರಲು ಒಂದು ಗಂಟೆ, ಅವತ್ತು ಬುಧವಾರ, ಪೇಟೆಯವರ ಸರದಿ, ಶುಕ್ರವಾರ ರಜೆ ಇದೆಯಲ್ಲ, ಆಗ ನಿಲ್ಲಿಸಿ ಮತ್ತೆ ಶುರು ಮಾಡಿದರಾಯಿತು ಎಂದು ಹಳದಿ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದೆ. ಶುಕ್ರವಾರ ತಂಗಿಯ ನಿಶ್ಚಿತಾರ್ಥ. ಮುನ್ನೂರು ಜನ, ಕುರಿಮಾಂಸ, ಮೊಸರಿನ ಸಾರು, ಗಂಡಿನ ಸೋದರತ್ತೆಯ ಮುನಿಸು, ನನಗೆ ಪಂಪ್‌ಹೌಸ್ ಎಂಬುದೊಂದಿದೆ ಅನ್ನುವುದೂ ನೆನಪಿರಲಿಲ್ಲ, ಭಾನುವಾರ ಬಂದಾಗ ಚೀಟಿ ಅಲ್ಲಿರಲಿಲ್ಲ, ಕಸ ಗುಡಿಸುವವರು ಗುಡಿಸಿದ್ದರು, ಚೀಟಿ ಇಲ್ಲದೆ ಹೋದದ್ದರಿಂದ ಕೆಲಸವೂ ಮುಗಿದಂತೆ ಅನ್ನಿಸಿತು. ಕಾಗದ ಬರೆಯುವ ಮುಂಚೆ ನೋಡಿದ್ದೆ, ನೋಡದೆ ಬರೆದವಳಲ್ಲ, ಫೈಲಿನ ತಾರೀಕು ನೋಡಿದೆ, ಮೂವತ್ತೊಂದು, ಗಾತ್ರ ನೋಡಿದೆ, ಹೊಸದರದ್ದೇ. ಓಡುತ್ತಿರುವುದು ಯಾವುದು ಎಂದು ನೋಡಲಿಲ್ಲ. ಅದೊಂದನ್ನು ನೋಡಲಿಲ್ಲ.

ಮೂರು ಮಂಗಳವಾರ ಮತ್ತೆ ನೀರು ನಿಂತಿತು. ಮೇಲ್ಕೇರಿಯವರು ಖಾಲಿ ಡಬ್ಬ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತರು, ಮುನೀಫ್ ನನ್ನನ್ನು ಕರೆದು ನಿನ್ನ ಪ್ರೋಗ್ರಾಮಾ ಎಂದರು, ಅಲ್ಲ ಎಂದೆ, ಹಾಗಾದರೆ ಕೀಲಿ ಯಾರ ಹತ್ತಿರ ಇದೆ ಎಂದರು, ಉತ್ತರ ಗೊತ್ತಿದ್ದೇ ಕೇಳಿದ್ದು. ಅಬು ನಾಯೆಲ್‌ರ ಷಡ್ಡಕ ನೀರಿನ ಟ್ಯಾಂಕರ್ ಓಡಿಸುತ್ತಾನೆ, ನಲ್ಲಿ ಒಣಗಿದರೆ ಟ್ಯಾಂಕರಿಗೆ ಗಿರಾಕಿ, ಜನಕ್ಕೆ ಅಷ್ಟು ಸಾಕಾಯಿತು. ಅದರ ಮೇಲೆ ಫೋಟೋ. ಮೂರನೇ ಮಂಗಳವಾರ ಹನ್ನೊಂದೂ ನಲವತ್ತಕ್ಕೆ ಯಾರೋ ಮಹಡಿಯಿಂದ ತೆಗೆದದ್ದು, ಅಬು ನಾಯೆಲ್ ವಾಲ್ವಿನ ಗುಂಡಿಯ ಮೇಲೆ ಬಗ್ಗಿ ಎರಡೂ ಕೈಯಿಂದ ಕೀಲಿ ತಿರುಗಿಸುತ್ತಿದ್ದಾರೆ, ಊರಿನ ಫೋನುಗಳಲ್ಲೆಲ್ಲ ಸುತ್ತಿತು, ನೋಡಿ ಕಳ್ಳ ಸಿಕ್ಕಿಬಿದ್ದ ಎಂದು. ತೆರೆಯುತ್ತಿದ್ದಾರೋ ಮುಚ್ಚುತ್ತಿದ್ದಾರೋ ಫೋಟೋದಲ್ಲಿ ಹೇಗೆ ಗೊತ್ತಾಗಬೇಕು. ಅವರು ಹೇಳಿದ್ದರು, ನಾನು ತೆಗೀತೀನಿ, ಅದು ಮತ್ತೆ ಮುಚ್ಕೊಳ್ಳುತ್ತೆ, ಒಳಗೆ ಯಾರೋ ಕೂತು ನನ್ನ ಜೊತೆ ಜಗ್ಗಾಡೋ ಹಾಗೆ. ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ, ಸ್ವಲ್ಪ. ಅವರ ಮಗ ನಾಯೆಲ್ ರೊಟ್ಟಿ ತರಲು ಹೋದಾಗ ಬೇಕರಿಯಲ್ಲಿ ಯಾರೋ ಇವನಿಗೆ ಮೊದಲು ಕೊಡಿ, ಇವರ ಮನೆಯಲ್ಲಿ ನೀರು ಹೆಚ್ಚಾಗಿದೆ ಅಂದರಂತೆ, ಅವನು ರೊಟ್ಟಿ ಬಿಟ್ಟು ಬಂದನಂತೆ, ಇದನ್ನು ನನಗೆ ಹೇಳಿದ್ದು ಖಲಫ್, ಪಂಪ್‌ಹೌಸಿನ ಕಾವಲಿನವನು, ಇವತ್ತು ಬೆಳಿಗ್ಗೆ ಏಳೂವರೆಗೆ, ಅವನ ಕುರ್ಚಿಯಲ್ಲಿ ನಾನು ಕೂತು ಸಮಿತಿಗೆಂದು ಮೂರು ವಾರದ ದಾಖಲೆ ಮುದ್ರಿಸುತ್ತಿದ್ದಾಗ. ಮುದ್ರಣ ಯಂತ್ರ ಸಿಕ್ಕಿಹಾಕಿಕೊಂಡಿತು, ಕಾಗದ ಎಳೆಯುತ್ತಿದ್ದವಳು ಸುಮ್ಮನೆ, ಕೈಗೆ ಕೆಲಸವಿರಲಿ ಎಂದು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದೆ. ನಮ್ಮದರ ಮುಂದೆ ಶುರುವಾದ ದಿನ, ನವೆಂಬರ್ ಹನ್ನೊಂದು. ನವೆಂಬರ್. ಓದಿದೆ, ಮತ್ತೆ ಓದಿದೆ, ಕನ್ನಡಕ ತೆಗೆದು ಒರೆಸಿ ಓದಿದೆ. ಅದು ಓಡುತ್ತಿರುವ ಫೈಲು ಯಾವುದು ಎಂದು ಕೇಳಿದೆ, ಹೆಸರು ತೋರಿಸಿತು, ಹೆಸರಿನ ಮುಂದೆ ಆವರಣದಲ್ಲಿ ಒಂದು ಪದ, ಅಳಿಸಲಾಗಿದೆ. ಖಲಫ್ ಇನ್ನೂ ರೊಟ್ಟಿಯ ವಿಷಯ ಹೇಳುತ್ತಿದ್ದ. ನಾನು ತಿದ್ದಿದ್ದು ಒಂದು ದಿನವೂ, ಒಂದು ನಿಮಿಷವೂ ಓಡಿಲ್ಲ, ಮೂರು ಮಂಗಳವಾರವೂ ವಾಲ್ವ್ ಮುಚ್ಚಿದ್ದು ಹಳೆಯದೇ, ಮುದುಕ ತೆರೆದಾಗಲೆಲ್ಲ ಮತ್ತೆ ಮುಚ್ಚಿದ್ದೂ ಅದೇ, ನಾನು ಮೂರು ಸಾಲು ಬರೆದು ಮೊಹರು ಹಾಕಿದೆ.

ಗ್ಯಾಸ್ ಗಾಡಿ ಹೋಯಿತು. ಯಾವಾಗ ಹೋಯಿತು. ಅಧ್ಯಕ್ಷರು ಮಾತು ಶುರು ಮಾಡಿದ್ದಾರೆ, ನಿವೃತ್ತ ಹೆಡ್‌ಮಾಸ್ತರರು, ಪ್ರತಿ ಪದವನ್ನೂ ಕಪ್ಪು ಹಲಗೆಯ ಮೇಲೆ ಬರೆದ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾರೆ, ಫೋಟೋದಲ್ಲಿ ಇರುವುದು ನೀವೇ ತಾನೇ, ಹೌದು ನಾನೇ, ಕೈಯಲ್ಲಿ ಇರುವುದು ಈ ಕೀಲಿಯೇ ತಾನೇ, ಹೌದು ಅದೇ. ಹನ್ನೊಂದೂ ಹದಿನಾಲ್ಕು. ಶಾಲೆಯಲ್ಲಿ ಬಿಡುವು ಮುಗಿದಿರುತ್ತದೆ, ಆಯಾ ಇನ್ನೂ ಅಂಗಳದ ತಿಂಡಿ ಕಾಗದ ಆರಿಸುತ್ತಿರಬಹುದು. ಬೆಳಿಗ್ಗೆ ನನ್ನ ಕೈ ಕೀಲಿಮಣೆಯ ಮೇಲೇ ಇತ್ತು, ನಿಲ್ಲಿಸಿ ಶುರು ಮಾಡಿದ್ದರೆ ಮುಗಿಯಿತು, ಹೊಸದು ಎದ್ದು ಕೂರುತ್ತಿತ್ತು, ಒಂಬತ್ತರ ಒಳಗೆ ಒತ್ತಡ ಏರಿ ಮೇಲ್ಕೇರಿಗೆ ಎರಡರ ತನಕ ನೀರು. ಮಾಡುವುದರಲ್ಲಿದ್ದೆ, ಬೆರಳು ನಿಂತಿತು — ಇವತ್ತು ಕೀಲಿ ಸಮಿತಿಯ ಕೈಯಲ್ಲಿದೆ, ಇವತ್ತು ನೀರು ನಿಲ್ಲದೆ ಬಂದರೆ ಊರು ಏನನ್ನುತ್ತದೆ, ನೋಡಿ, ಕೀಲಿ ಕಿತ್ತುಕೊಂಡ ಕೂಡಲೇ ನೀರು ಬಂತು. ನಾನು ಸರಿಪಡಿಸಿದರೆ ಅದೇ ಅವರ ಕುತ್ತಿಗೆಗೆ. ಬಿಟ್ಟರೆ, ಅವರು ಇಲ್ಲಿ ಐದು ಜನರ ಎದುರು ಕೂತಿರುವಾಗಲೇ ವಾಲ್ವ್ ತಾನಾಗಿ ಮುಚ್ಚುತ್ತದೆ, ಆಗ ಯಾರು ಏನು ಹೇಳಿಯಾರು. ಖಲಫನಿಗೆ ಹೇಳಿದೆ, ಇದನ್ನ ಮುಟ್ಬೇಡ, ವಾಲ್ವ್ ಮುಚ್ಚಿದ ತಕ್ಷಣ ನನಗೆ ಫೋನ್ ಮಾಡು. ಯಾಕೆ ಎಂದ, ಹೇಳಿದಷ್ಟು ಮಾಡು ಎಂದೆ. ಇಲ್ಲಿಗೆ ಬಂದಾಗ ಮೆಟ್ಟಿಲ ಮೇಲೆ ಮುನೀಫ್ ಸಿಕ್ಕರು, ಅವರಿಗೆ ಹೇಳಿಬಿಟ್ಟೆ, ಹೇಳದೆ ಇರಲಾಗಲಿಲ್ಲ, ಬಾಯಿಂದ ತಾನಾಗಿ ಬಂತು. ಅವರು ಅತ್ತಿತ್ತ ನೋಡಿದರು. ನನ್ನ ತೋಳು ಮುಟ್ಟುವವರಂತೆ ಕೈಯೆತ್ತಿ ಇಳಿಸಿದರು. ಕೇಳು ರುದೈನಾ, ಈಗಲೇ ಖಲಫನಿಗೆ ಹೇಳಿ ಅದನ್ನ ನಿಲ್ಸಿ ಶುರು ಮಾಡ್ಸು. ನೀರು ಬರುತ್ತೆ, ಜನ ಸುಮ್ನಾಗ್ತಾರೆ. ಮುದುಕನಿಗೆ ಆಗಸ್ಟಲ್ಲಿ ಹೇಗೂ ನಿವೃತ್ತಿ, ಆರು ತಿಂಗಳು ಮೊದಲೇ ಮನೆಗೆ ಹೋಗ್ತಾನೆ ಅಷ್ಟೇ, ಪಿಂಚಣಿಗೆ ನಾನು ತೊಂದ್ರೆ ಆಗೋಕೆ ಬಿಡಲ್ಲ. ನಿನ್ನ ಕಾಗದ ನನ್ನ ಸಹಿಯಲ್ಲಿ ಮೇಲಕ್ಕೆ ಹೋಗಿದೆ. ನಿನ್ನ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ. ನಾನು ತಲೆಯಾಡಿಸಿದೆ, ಆಯಿತು ಎನ್ನುವ ಹಾಗೆ, ಮೂಲೆಗೆ ಹೋಗಿ ಫೋನನ್ನು ಕಿವಿಗೆ ಇಟ್ಟುಕೊಂಡು ಯಾರ ಜೊತೆಗೂ ಮಾತಾಡದೆ ಮಾತಾಡಿದೆ, ಅವರು ನೋಡುತ್ತಿದ್ದರು. ಧೈರ್ಯವೋ ಇದು. ಧೈರ್ಯ ಅಂತ ಹೆಸರಿಟ್ಟುಕೊಂಡಿದ್ದೇನೆ. ಮುನೀಫ್‌ಗೆ ಆಗುವುದಿಲ್ಲ ಎನ್ನಲಿಲ್ಲ, ಅಧ್ಯಕ್ಷರಿಗೆ ಹೀಗಾಯಿತು ಎನ್ನಲಿಲ್ಲ, ಒಂಬತ್ತು ಗಂಟೆಗೇ ಬಂದು ಹೇಳಬಹುದಿತ್ತು, ಹೇಳಿ ಸರಿಪಡಿಸಬಹುದಿತ್ತು, ಎರಡೂ ಆಗುತ್ತಿತ್ತು, ನನ್ನ ಬದಲು ವಾಲ್ವ್ ಮಾತಾಡಲಿ ಎಂದು ಕಾಯುತ್ತ ಕೂತಿದ್ದೇನೆ.

ಹನ್ನೊಂದೂ ಹತ್ತೊಂಬತ್ತು, ಇಪ್ಪತ್ತು, ಅಧ್ಯಕ್ಷರು ನನ್ನ ಕಾಗದ ಎತ್ತಿಕೊಂಡು ಓದುತ್ತಿದ್ದಾರೆ, ಅನಂತರ ಅದರಲ್ಲಿ ದೋಷವಿಲ್ಲ, ಅವರ ಬಾಯಲ್ಲಿ ಅದು ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆ, ಇವತ್ತು ಆಯಾ ರಜೆ ಹಾಕಿದ್ದರೆ, ಪಂಪು ಕೆಟ್ಟಿದ್ದರೆ, ಇವತ್ತೊಂದು ದಿನ ಒತ್ತಡ ಕುಸಿಯದೇ ಹೋದರೆ, ಎರಡರ ತನಕ ನೀರು ಬಂದರೆ, ಆಗಲೂ ಸುಮ್ಮನಿರುತ್ತೀಯಾ, ಇರುತ್ತೀಯಾ ರುದೈನಾ, ಅಧ್ಯಕ್ಷರು ಕೇಳುತ್ತಿದ್ದಾರೆ, ಇಂಜಿನಿಯರಮ್ಮ, ಈ ಮಾತಿಗೆ ನೀವು ಈಗಲೂ ಬದ್ಧರೇ, ಮುನೀಫ್ ಲೋಟ ಕೆಳಗಿಟ್ಟು ನನ್ನನ್ನು ನೋಡುತ್ತಿದ್ದಾರೆ, ಅಬು ನಾಯೆಲ್ ನೋಡುತ್ತಿಲ್ಲ, ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದಾರೆ, ತೊಡೆಯ ಮೇಲೆ ಫೋನು ನಡುಗಿತು. ನಡುಗಿತು. ಬಗ್ಗಿ ನೋಡಿದೆ, ಖಲಫ್. ಎತ್ತಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಟ್ಟೆ, ಇಡುವಾಗ ಲೋಟಕ್ಕೆ ತಾಗಿ ಚಹಾ ಚೆಲ್ಲಿತು, ಖಲಫ್‌ನ ದನಿ, ಮುಚ್ಕೊಂಡ್ತು ಇಂಜಿನಿಯರಮ್ಮ, ಈಗ ತಾನೇ, ಮೇಲ್ಕೇರಿದು, ಯಾರೂ ಹತ್ತಿರ ಹೋಗಿಲ್ಲ, ಗುಂಡಿಗೆ ಬೀಗ ಇದೆ. ನಿಂತುಕೊಂಡೆ, ಹೇಳಿದೆ, ಆ ಕಾಗದ ತಪ್ಪು, ಬರೆದದ್ದು ನಾನು, ಹೊಸ ಫೈಲು ಹಾಕಿದೆ, ಹಳೆಯದನ್ನ ನಿಲ್ಲಿಸೋದು ಮರೆತೆ, ಇಷ್ಟು ದಿನ ಓಡಿದ್ದು ಹಳೆಯದೇ, ವಾಲ್ವ್ ಮುಚ್ಚಿದ್ದೆಲ್ಲಾ ಅದೇ, ಇವರಲ್ಲ, ಇವರು ತೆಗೀತಾ ಇದ್ರು. ಮುನೀಫ್ ಛಾವಣಿ ನೋಡುತ್ತಿದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು, ಗುಮಾಸ್ತನ ಪೆನ್ನು ಗಾಳಿಯಲ್ಲಿ ನಿಂತಿತ್ತು, ನನಗೆ ಅಳು ಬರುತ್ತಿತ್ತು, ಹಗುರವೂ ಆಗುತ್ತಿತ್ತು, ಮುದುಕನ ಮುಖದಲ್ಲಿ ಏನಾದರೂ ಕಾಣಬಹುದು ಎಂದು ಮೊದಲ ಸಲ ಅವರ ಕಣ್ಣಿನ ಕಡೆ ನೋಡಿದೆ. ಅವರು ನಿಧಾನವಾಗಿ ಕೇಳಿದರು, ಇದು ನಿನಗೆ ಯಾವಾಗ ಗೊತ್ತಾಯ್ತು ಮಗಳೇ. ಬೆಳಿಗ್ಗೆ. ಬೆಳಿಗ್ಗೆ ಅಂದ್ರೆ. ಏಳೂವರೆ. ಅವರು ಗೋಡೆಯ ಗಡಿಯಾರ ನೋಡಿದರು, ಬೆರಳಲ್ಲಿ ಏನೋ ಲೆಕ್ಕ ಹಾಕಿದರು, ನಾಲ್ಕು ಗಂಟೆ. ಹಾಗೇ ಓಡ್ಲಿ ಅಂತ ಬಿಟ್ಟು ಬಂದ್ಯಾ. ನಿಮಗೋಸ್ಕರ, ಎಂದೆ, ಎಂದುಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಮಾಡಿಕೊಳ್ಳಬಾರದಿತ್ತೇ, ಒಂದು ಮಾತು ಬೈಯಬಾರದಿತ್ತೇ, ತೀರ ಸಾದಾ ದನಿಯಲ್ಲಿ, ಸರದಿಯ ಪಟ್ಟಿ ಒಪ್ಪಿಸುವವರ ಹಾಗೆ ಹೇಳಿದರು — ಕೊನೇ ಮನೇಲಿ ಹಾಜ್ಜಾ ವಸ್ಫಿಯ್ಯಾ ಇದಾಳೆ, ಮುದುಕಿ, ಒಬ್ಬಳೇ, ಕಣ್ಣು ಕಾಣಲ್ಲ. ಅವಳಿಗೆ ನೀರು ತಲುಪೋದೇ ಹತ್ತೂವರೆ ಮೇಲೆ, ಕೆಳಗಿನ ಮನೆಗಳೆಲ್ಲ ತುಂಬಿದ ಮೇಲೆ. ನಲ್ಲಿ ಕೆಳಗೆ ಕೈ ಹಿಡ್ಕೊಂಡು ಕೂತಿರ್ತಾಳೆ, ಬರ್ತಾ ಇದೆಯೋ ನಿಂತ್ತೋ ಅವಳಿಗೆ ಕೈಯಲ್ಲೇ ಗೊತ್ತಾಗ್ಬೇಕು. ನಿಂತ್ರೂ ಕೈ ತೆಗೆಯಲ್ಲ, ಮತ್ತೆ ಬರಬಹುದು ಅಂತ. ಎದ್ದು ಮೇಜಿನ ಹತ್ತಿರ ಬಂದರು, ಯಾರನ್ನೂ ಕೇಳದೆ ಕೀಲಿ ಎತ್ತಿಕೊಂಡರು, ಚೀಟಿ ಹರಿದು ಮೇಜಿನ ಮೇಲೆಯೇ ಇಟ್ಟರು, ಯಾರೂ ತಡೆಯಲಿಲ್ಲ. ಅದನ್ನ ನಿಲ್ಸೋಕೆ ಹೇಳು ಖಲಫನಿಗೆ, ಈಗಲೇ, ನಾನು ಕೈಯಲ್ಲಿ ತೆಗೀತೀನಿ, ಎಂದರು ಬಾಗಿಲಿನಿಂದ. ಹೇಳಿದೆ, ಫೋನು ಇನ್ನೂ ಮೇಜಿನ ಮೇಲೇ ಇತ್ತು, ಖಲಫ್ ಎಲ್ಲ ಕೇಳಿಸಿಕೊಂಡಿದ್ದ, ನಿಲ್ಸ್ದೆ, ಗುಂಡಿ ಬೀಗ ತೆಗೆಯೋಕೆ ಹೊರಟೆ ಎಂದ. ಹಳೆಯದು ಹೋಯಿತು. ಕಿಟಕಿಯಿಂದ ಕಾಣುತ್ತಿದ್ದಾರೆ, ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಏರು ಹತ್ತುತ್ತಿದ್ದಾರೆ, ಇಸ್ತ್ರಿ ಹಾಕಿದ ಕೋಟಿನ ಮೇಲೆ ತುಕ್ಕು ಹತ್ತುತ್ತದಲ್ಲ, ಹತ್ತು ನಿಮಿಷ ಬೇಕು ಗುಂಡಿಯ ತನಕ, ತೆರೆಯಲು ಐದು, ಕೊಳವೆ ತುಂಬಿ ಕೊನೆಯ ಮನೆಗೆ ಏರಲು ಗಂಟೆಯೋ ಗಂಟೆಯ ಮೇಲೋ, ಅಲ್ಲಿಯ ತನಕ ಆ ಕೈ. ಮುನೀಫ್ ಏನೋ ಹೇಳುತ್ತಿದ್ದಾರೆ, ನನ್ನ ಹೆಸರು, ಮತ್ತೆ ನನ್ನ ಹೆಸರು. ಅಧ್ಯಕ್ಷರು ಬಾಕಿ ವಿಚಾರಣೆ ಬೇಕಿಲ್ಲ ಎನ್ನುತ್ತಿದ್ದಾರೆ, ಅಬು ನಾಯೆಲ್ ಮೇಲಿನ ಆರೋಪ ವಾಪಸ್ಸು ಎಂದು ಬರೆದುಕೊಳ್ಳಿ ಎನ್ನುತ್ತಿದ್ದಾರೆ, ಗುಮಾಸ್ತ ಬರೆಯುತ್ತಿದ್ದಾನೆ, ಗೆದ್ದೆನೇ, ಇದನ್ನೇ ಅಲ್ಲವೇ ಬಯಸಿದ್ದು, ನಲ್ಲಿಯ ಧಾರೆ ಸಣ್ಣಗಾಗುತ್ತದೆ, ದಾರದಷ್ಟಾಗುತ್ತದೆ, ಹನಿ, ಹನಿ, ನಿಲ್ಲುತ್ತದೆ, ಕೈ ಅಲ್ಲೇ. ಗುಮಾಸ್ತ ತಲೆಯೆತ್ತಿ ಕೇಳುತ್ತಿದ್ದಾನೆ, ಇಂಜಿನಿಯರಮ್ಮ, ಗೊತ್ತಾದದ್ದು ಎಷ್ಟು ಗಂಟೆಗೆ ಅಂತ ಬರೀಲಿ, ಏಳೂವರೆ ಅಂತಾನೇ ಬರೀಲಾ, ಹೇಳಬೇಕು, ಬಾಯಿ ತೆರೆಯಬೇಕು, ಒದ್ದೆಯಾದ ಅಂಗೈ, ಮುದುಕಿಯ ಅಂಗೈ, ಮೇಲ್ಮುಖವಾಗಿ, ಒಣಗಿದ ನಲ್ಲಿಯ ಕೆಳಗೆ, ತೆಗೆಯದೆ, ತೆಗೆಯದೆ